ಕೆರೆ ಮೀನಿನ ಬಿಳಿ ಮಾಂಸ: ಪೋಷಣೆ, ಅಡಿಗೆ ಮತ್ತು ಸಂಗ್ರಹಣೆ

(ರೈತ ಮಹಿಳೆಯರ ತರಬೇತಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳು ಸಮುದ್ರದಿಂದ ದೂರವಿದ್ದರೂ ಮೀನಿಗೆ ಹೊರತಾದ ಪ್ರದೇಶವಲ್ಲ. ಈ ಭಾಗಕ್ಕೆ ತುಂಗಭದ್ರೆ, ವರದೆಯರ ಆಸರೆಯಿದೆ. ಹಾವೇರಿಯ ಹೆಗ್ಗೇರಿಯಿಂದ ಹಿಡಿದು ಊರೂರಿನ ಸಣ್ಣ ಕೆರೆಗಳವರೆಗೆ ನೀರು ನಿಲ್ಲುವ ತಾಣಗಳಿವೆ. ಮಳೆಗಾಲದಲ್ಲಿ ಕೆರೆಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಡುತ್ತಾರೆ. ಜಿಲೇಬಿ ಮೀನು ತಾನಾಗಿಯೇ ಹೆಚ್ಚುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ಬಲೆ ಬೀಸುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಹೆಚ್ಚು ಮೀನು ಕೈಗೆ ಬರುವುದು ಹೆಚ್ಚು ಬಿಸಿಲಿರುವ ದಿನಗಳಲ್ಲಿ. ಬೆಳಿಗ್ಗೆ ಹಿಡಿದ ಮೀನು ಮಧ್ಯಾಹ್ನಕ್ಕೆ ಮೆತ್ತಗಾಗುತ್ತದೆ. ಸಂಜೆಗೆ ಸಿಕ್ಕಷ್ಟು ಬೆಲೆಗೆ ಹೋಗುತ್ತದೆ, ಇಲ್ಲವೆ ತಿಪ್ಪೆ ಸೇರುತ್ತದೆ. ತಿಂಗಳುಗಟ್ಟಲೆ ಬೆಳೆದ ಆಹಾರ ಅರ್ಧ ದಿನದಲ್ಲಿ ಹಾಳಾಗದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ಪೋಷಕಾಂಶಗಳು

ಈ ಮೀನುಗಳ ಮಾಂಸ ಬಿಳಿ, ರುಚಿ ಸೌಮ್ಯ. 100 ಗ್ರಾಂ ಮಾಂಸದಲ್ಲಿ ಸುಮಾರು 16ರಿಂದ 19 ಗ್ರಾಂ ಸಸಾರಜನಕವಿದ್ದು, ಕೊಬ್ಬು ಸಾಮಾನ್ಯವಾಗಿ 1ರಿಂದ 3 ಗ್ರಾಂ ಮಾತ್ರ. ಉಳಿದುದರಲ್ಲಿ ಬಹುಭಾಗ ನೀರು. ಆದ್ದರಿಂದ ಮಕ್ಕಳಿಗೂ, ವಯಸ್ಸಾದವರಿಗೂ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೂ ಇದು ಸುಲಭವಾಗಿ ಜೀರ್ಣವಾಗುತ್ತದೆ.

ಜೋಳ ಮತ್ತು ಗೋವಿನಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಮೀನಿನಲ್ಲಿ ಅದು ಧಾರಾಳವಾಗಿದೆ. ರೊಟ್ಟಿಯ ಜೊತೆ ಮೀನಿನ ಸಾರು ಸೇರಿದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಕಾಳುಕಡಿಗಳಲ್ಲಿ ದೊರೆಯದ ಬಿ-12 ಜೀವಸತ್ವವೂ ಮೀನಿನಲ್ಲಿದೆ. ಆದರೆ ಮುಳ್ಳು ತೆಗೆದ ಮಾಂಸದಲ್ಲಿ ಸುಣ್ಣದ ಅಂಶ ಹೆಚ್ಚಿಗೆ ಇರುವುದಿಲ್ಲ. ಅದು ಬೇಕಾದರೆ ಸಣ್ಣ ಮೀನುಗಳನ್ನು ಮೃದುವಾಗುವಂತೆ ಬೇಯಿಸಿ ಮುಳ್ಳುಸಮೇತ ಅಗಿದು ತಿನ್ನಬೇಕು.

ಆರಿಸುವುದು ಮತ್ತು ಕೊಯ್ಯುವುದು

ಇಡೀ ಮೀನು ಕೊಳ್ಳುವಾಗ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ಪೇಟೆಯಲ್ಲಿ ಫಿಲೆಟ್ ಎಂದು ಕರೆಯುವ ಮುಳ್ಳು ತೆಗೆದ ತುಂಡಿಗೆ ಕಣ್ಣೂ ಇಲ್ಲ, ಕಿವಿರೂ ಇಲ್ಲ. ಅಲ್ಲಿ ಮಾಂಸ ಗಟ್ಟಿಯಾಗಿದ್ದು ಹೊಳಪಿನಿಂದಿದೆಯೇ, ಅಂಚು ಹಳದಿಯಾಗಿದೆಯೇ, ಹುಳಿ ವಾಸನೆ ಬರುತ್ತಿದೆಯೇ ಎಂದು ನೋಡಬೇಕು. ಶೀತಲೀಕರಿಸಿದ ಪೊಟ್ಟಣವಾದರೆ ತಯಾರಿಸಿದ ದಿನಾಂಕ ಮತ್ತು ನಿವ್ವಳ ತೂಕವನ್ನು ಓದಬೇಕು. ಮಂಜಿನ ತೂಕಕ್ಕೆ ಹಣ ಕೊಡಬಾರದು.

ಗೆಂಡೆ ಜಾತಿಯ ಮೀನಿನ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಬೆನ್ನೆಲುಬಿನಿಂದ ಮಾಂಸ ಬಿಡಿಸಿದರೂ ಅವು ಉಳಿಯುತ್ತವೆ. ಮಕ್ಕಳಿಗೆ ಜಿಲೇಬಿ ಮೀನು ಮೇಲು. ಗೆಂಡೆಯಾದರೆ ಬೇಯಿಸಿ, ಕೈಯಿಂದ ಹಿಸುಕಿ, ಮುಳ್ಳು ಆರಿಸಿ ಕೊಡಬೇಕು. ಒಂದು ಕಿಲೋ ಗೆಂಡೆಯಿಂದ ಸಿಗುವ ಬರಿ ಮಾಂಸ ಅರ್ಧ ಕಿಲೋಕ್ಕಿಂತ ಕಡಿಮೆ. ಆದ್ದರಿಂದ ತಲೆ ಮತ್ತು ಬೆನ್ನೆಲುಬನ್ನು ಎಸೆಯದೆ ಸಾರಿಗೆ ಬಳಸುವುದು ಲಾಭಕರ.

ಹೊಟ್ಟೆ ಸೀಳುವಾಗ ಪಿತ್ತಕೋಶ ಒಡೆಯದಂತೆ ತೆಗೆಯಬೇಕು. ಒಡೆದರೆ ಮಾಂಸ ಕಹಿಯಾಗುತ್ತದೆ. ಔಷಧಿಯೆಂದು ಮೀನಿನ ಪಿತ್ತವನ್ನು ಹಸಿಯಾಗಿ ನುಂಗುವುದು ಅಪಾಯಕರ. ರೋಹು, ಕಾಟ್ಲಾ ಮೀನುಗಳ ಪಿತ್ತ ನುಂಗಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲಿ ದಾಖಲಾಗಿವೆ. ಕರುಳು, ಹುರುಪೆಗಳನ್ನು ಕೆರೆಗೆ ಎಸೆಯದೆ ಗೊಬ್ಬರದ ಗುಂಡಿಯಲ್ಲಿ ಆಳವಾಗಿ ಹೂಳಬೇಕು.

ಅಡಿಗೆ

ಕೆರೆ ಮೀನಿಗೆ ಮಣ್ಣಿನ ವಾಸನೆ ಎಂಬ ದೂರು ಸಾಮಾನ್ಯ. ನೀರಿನಲ್ಲಿ ಬೆಳೆಯುವ ಕೆಲವು ಪಾಚಿ ಹಾಗೂ ಸೂಕ್ಷ್ಮಜೀವಿಗಳಿಂದ ಅದು ಬರುತ್ತದೆ. ಜೀವಂತ ಮೀನನ್ನು ಒಂದೆರಡು ದಿನ ಶುದ್ಧ ನೀರಿನಲ್ಲಿ ಬಿಟ್ಟರೆ ವಾಸನೆ ತಗ್ಗುತ್ತದೆ. ಕೊಯ್ದ ತುಂಡುಗಳಿಗೆ ಉಪ್ಪು, ಅರಿಶಿನ ಮತ್ತು ಹುಣಸೆ ರಸ ಇಲ್ಲವೆ ನಿಂಬೆ ರಸ ಸವರಿ ಕಾಲು ಗಂಟೆ ಇಟ್ಟು ತೊಳೆಯಬೇಕು.

ಬಿಳಿ ಮಾಂಸ ಬೇಗ ಬೇಯುತ್ತದೆ. ಒಂದು ಅಂಗುಲ ದಪ್ಪದ ತುಂಡಿಗೆ ಎಂಟು-ಹತ್ತು ನಿಮಿಷ ಸಾಕು. ಮೊದಲು ಮಸಾಲೆಯನ್ನು ಚೆನ್ನಾಗಿ ಕುದಿಸಿ, ಕೊನೆಗೆ ಮೀನು ಹಾಕಬೇಕು. ಹೆಚ್ಚು ಕುದಿಸಿದರೆ ಮಾಂಸ ಒಣಗಿ ಪುಡಿಯಾಗುತ್ತದೆ. ಮಾಂಸದ ಪಾರದರ್ಶಕತೆ ಹೋಗಿ ಒಳಗೂ ಬೆಳ್ಳಗಾಗಿ, ಪದರು ಪದರಾಗಿ ಬಿಟ್ಟುಕೊಂಡರೆ ಬೆಂದಿತೆಂದು ತಿಳಿಯಬೇಕು.

ಇಂಥ ಸೌಮ್ಯ ರುಚಿಯ ಮೀನಿಗೆ ಬ್ಯಾಡಗಿ ಮೆಣಸಿನಕಾಯಿ ಹೇಳಿ ಮಾಡಿಸಿದಂತಿದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಅದನ್ನು ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ, ಹುಣಸೆಹಣ್ಣಿನೊಡನೆ ಅರೆದರೆ ಸಾರಿಗೆ ಕೆಂಪು ಬರುತ್ತದೆ, ಮೀನಿನ ರುಚಿ ಮುಚ್ಚುವುದಿಲ್ಲ. ಇದೇ ಮಸಾಲೆಯನ್ನು ತುಂಡಿಗೆ ಸವರಿ, ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಎಣ್ಣೆಯೂ ಬೇಕಿಲ್ಲ. ಒಂದು ಮಾತು ನೆನಪಿರಲಿ: ಕೆಟ್ಟ ಮೀನನ್ನು ಯಾವ ಮಸಾಲೆಯೂ ಸರಿಪಡಿಸಲಾರದು.

ಸಂಗ್ರಹಣೆ

ಮೀನು ಕೆಡುವುದನ್ನು ತಡೆಯಲು ಮಂಜುಗಡ್ಡೆಯೇ ಮುಖ್ಯ ಸಾಧನ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಶಾಖ ಹೀರುತ್ತದೆ. 30 ಡಿಗ್ರಿ ಸೆಂಟಿಗ್ರೇಡ್ ಬಿಸಿಯಿರುವ ಒಂದು ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 25 ಕಿಲೋಕ್ಯಾಲೊರಿ ಸಾಕು. ಹಾಗಾದರೆ ಮೀನಿನಷ್ಟೇ ತೂಕದ ಮಂಜುಗಡ್ಡೆ ಏಕೆ? ಉಳಿದುದು ಹೊರಗಿನ ಬಿಸಿಲನ್ನು ಎದುರಿಸಲು.

ಬಲೆ ಎಳೆಯುವ ಮೊದಲೇ ಶುದ್ಧ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ತರಿಸಿಟ್ಟುಕೊಳ್ಳಬೇಕು. ಹಿಡಿದ ಮೀನನ್ನು ನೆರಳಿಗೆ ತಂದು, ತೊಳೆದು, ಪೆಟ್ಟಿಗೆಯಲ್ಲಿ ಒಂದು ಪದರು ಮಂಜುಗಡ್ಡೆ, ಒಂದು ಪದರು ಮೀನು ಹೀಗೆ ತುಂಬಿ, ಮೇಲೆ ಮತ್ತೆ ಮಂಜುಗಡ್ಡೆ ಹಾಕಬೇಕು. ಕರಗಿದ ನೀರು ಹರಿದುಹೋಗಲು ತಳದಲ್ಲಿ ತೂತು ಇರಬೇಕು. ಪೆಟ್ಟಿಗೆಯ ಸುತ್ತ ಭತ್ತದ ಹೊಟ್ಟು ತುಂಬಿದ ಗೋಣಿಚೀಲ ಕಟ್ಟಿದರೆ ಮಂಜುಗಡ್ಡೆ ಹೆಚ್ಚು ಹೊತ್ತು ಬರುತ್ತದೆ. ದಿನವೂ ಮಂಜುಗಡ್ಡೆ ತುಂಬುತ್ತಿದ್ದರೆ ಇಡೀ ಗೆಂಡೆ ಮೀನು ಒಂದು ವಾರ ಕೆಡದೆ ಉಳಿಯುತ್ತದೆ. ಮೀನಿಗೆ ಫಾರ್ಮಲಿನ್ ಹಾಕುವುದು ಕಾನೂನುಬಾಹಿರ. ತಿನ್ನುವವರ ಆರೋಗ್ಯಕ್ಕೂ ಹಾನಿಕರ.

ಮನೆಯ ಫ್ರಿಜ್ಜಿನಲ್ಲಿ ಹಸಿ ತುಂಡುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಒಂದೆರಡು ದಿನ ಮಾತ್ರ ಇಡಬಹುದು. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ, ಗಾಳಿಯಾಡದಂತೆ ಸುತ್ತಿಟ್ಟರೆ ಮೂರು ತಿಂಗಳಿಗೂ ಹೆಚ್ಚು ಕಾಲ ಬಾಳುತ್ತದೆ. ಒಂದು ಹೊತ್ತಿನ ಅಡಿಗೆಗೆ ಬೇಕಾದಷ್ಟೇ ಒಂದೊಂದು ಪೊಟ್ಟಣ ಮಾಡಬೇಕು. ವಿದ್ಯುತ್ ಹೋಗಿ ಪೂರ್ತಿ ಕರಗಿ ಬೆಚ್ಚಗಾದ ಮೀನನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಫ್ರಿಜ್ಜು ಇಲ್ಲದವರಿಗೆ ಉಪ್ಪು, ಬಿಸಿಲು ಇವೆ. ಸೀಳಿದ ನಾಲ್ಕು ಕಿಲೋ ಮೀನಿಗೆ ಒಂದು ಕಿಲೋ ಉಪ್ಪು ತಿಕ್ಕಿ ಒಂದು ದಿನ ಇಟ್ಟು, ನೀರು ಬಸಿದು, ನೆಲಕ್ಕೆ ತಾಗದಂತೆ ಬಲೆಯ ಮೇಲೆ ಒಣಗಿಸಬೇಕು. ಕೊಬ್ಬು ಕಡಿಮೆ ಇರುವುದರಿಂದ ಈ ಮೀನು ಬೇಗ ಕಮಟುವುದಿಲ್ಲ. ರಕ್ತದೊತ್ತಡ ಇರುವವರು ಮಾತ್ರ ಉಪ್ಪು ಮೀನನ್ನು ಮಿತಿಯಲ್ಲಿಡಬೇಕು.

ಕೊನೆಯದಾಗಿ, ಒಳ್ಳೆಯ ಮೀನು ಒಳ್ಳೆಯ ನೀರಿನಿಂದಲೇ ಬರಬೇಕು. ಹತ್ತಿ, ಮೆಣಸಿನಕಾಯಿ, ಗೋವಿನಜೋಳಕ್ಕೆ ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಬೇಡಿ. ವಿಷ ಸೇರಿ ಸತ್ತು ತೇಲಿದ ಮೀನನ್ನು ತಿನ್ನಲೂ ಬಾರದು, ಮಾರಲೂ ಬಾರದು. ಹೆಚ್ಚಿನ ತಿಳುವಳಿಕೆಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯನ್ನು ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ. ಮುಂದಿನ ಬೇಸಿಗೆಯಲ್ಲಿ ಬಲೆಗಿಂತ ಮೊದಲು ಮಂಜುಗಡ್ಡೆ ಕೆರೆಯ ದಂಡೆಗೆ ಬರಲಿ.