ಬಿಸಿಲಿನ ಹೊಡೆತವೂ ಕಂಚಿನ ಬಟ್ಟಲೂ

ರಾಯಚೂರು, ದೇವದುರ್ಗ, ಮಾನವಿಗಳಲ್ಲಿ ವೈಶಾಖದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮೀರುವುದನ್ನು ನಾವೆಲ್ಲರೂ ಬಲ್ಲೆವು. ಉಷ್ಣವಿಳಿಯಲೆಂದು ತುಪ್ಪ ಸವರಿದ ಅಂಗಾಲನ್ನು ಕಂಚಿನ ಬಟ್ಟಲಿನಿಂದ ತಿಕ್ಕುವುದು ನೆರೆಯ ಮರಾಠಿ ನಾಡಿನ ರೂಢಿ. ಅಂಗಾಲು ಕಪ್ಪಾದೊಡನೆ ಉಷ್ಣ ಹೊರಬಂದಿತೆಂಬ ಸಮಾಧಾನ! ಆ ಕಪ್ಪು ಬಟ್ಟಲಿನ ಲೋಹದ್ದೇ ಹೊರತು ದೇಹದ್ದಲ್ಲ.

ಚೀನೀಯರ ‘ಗ್ವಾ ಶಾ’ ಇದಕ್ಕೆ ದಾಯಾದಿ. ಎಣ್ಣೆ ಸವರಿದ ಬೆನ್ನನ್ನು ನಾಣ್ಯದ ಅಥವಾ ಚಮಚದ ಅಂಚಿನಿಂದ ಕೆಂಪು ಚುಕ್ಕೆಗಳೇಳುವವರೆಗೆ ಕೆರೆಯುವರು. 2007ರ ಒಂದು ಪರೀಕ್ಷೆಯಲ್ಲಿ, ಕೆರೆದೆಡೆಯ ರಕ್ತಸಂಚಾರವು ಮೊದಲ 7½ ನಿಮಿಷ ನಾಲ್ಮಡಿಯಾಯಿತು. ಕತ್ತಿನ ನೋವಿಗೆ ತುಸು ಉಪಶಮನವೂ ಉಂಟು.

ಆದರೆ ಬಿಸಿಲಿನ ಹೊಡೆತದಿಂದ ಎಚ್ಚರ ತಪ್ಪಿದವನ ಬಳಿ ಬಟ್ಟಲು ಹಿಡಿದು ಕೂಡಲಾಗದು. ನೆರಳಿಗೊಯ್ದು, ಮೈಮೇಲೆ ತಣ್ಣೀರೆರೆದು, ಬೀಸುತ್ತಲೇ ಆಸ್ಪತ್ರೆಗೆ ಸೇರಿಸಬೇಕು. ಬಾಯಿಗೆ ನೀರು ಹೊಯ್ಯಕೂಡದು, ಅದು ಶ್ವಾಸನಾಳಕ್ಕಿಳಿದೀತು.