ನಾಯಿ ನೆರೆಯವರದು, ಹಸಿವು ಯಾರದು?



ಶ್ರಾವಣದ ಈ ಪ್ರವಚನಮಾಲೆಯಲ್ಲಿ ಇಷ್ಟು ದಿನ ಅರಿವು, ಆಚಾರ, ಅನುಭಾವ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಆಡಿದೆವು. ಇಂದು ಒಂದು ಚಿಕ್ಕ ಮಾತು. ಕೇಳಲಿಕ್ಕೆ ಚಿಕ್ಕದು, ನಡೆಯಲಿಕ್ಕೆ ಚಿಕ್ಕದಲ್ಲ. ಭಕ್ತರು ಮಠಕ್ಕೆ ಬರುತ್ತಾರೆ. ಮಳೆಬೆಳೆ, ಮಕ್ಕಳ ಓದು, ಮನೆಯ ಮದುವೆ, ಇವೆಲ್ಲವುಗಳ ಮಾತು ಮುಗಿಯುತ್ತದೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳುತ್ತಾರೆ: "ಅಜ್ಜಾರ, ನಮ್ಮ ಬಾಜೂ ಮನಿಯವರು ಒಂದು ನಾಯಿ ತಂದಾರ. ಮಾಳಿಗಿ ಮ್ಯಾಲ ಸರಪಳಿ ಹಾಕಿ ಕಟ್ಟ್ಯಾರ. ಬ್ಯಾಸಗ್ಯಾಗ ಬಿಸಲು, ಈಗ ಮಳಿ. ಹೊತ್ತಿಗೆ ಸರಿಯಾಗಿ ಕೂಳಿಲ್ಲ, ನೀರಿಲ್ಲ. ರಾತ್ರಿಯೆಲ್ಲಾ ಅಳತೈತಿ. ಹೇಳಿದ್ರ ಜಗಳ, ಬಿಟ್ರ ಪಾಪ. ಏನ ಮಾಡೂಣು?"

ಹೇಳಿದರೆ ಜಗಳ, ಬಿಟ್ಟರೆ ಪಾಪ. ಈ ಇಕ್ಕಟ್ಟಿನಲ್ಲಿ ಸಿಕ್ಕ ಮನುಷ್ಯ ಒಳ್ಳೆಯವನು. ಆ ಕೂಗು ಕೇಳಿಯೂ ಮಗ್ಗುಲು ಬದಲಿಸಿ ಮಲಗುವವನಿಗೆ ಇಕ್ಕಟ್ಟೇ ಇಲ್ಲ. ಆದ್ದರಿಂದ ಕೇಳಿದವರ ಅಂತಃಕರಣ ದೊಡ್ಡದು. ಆದರೆ ಅಂತಃಕರಣ ಒಂದೇ ಸಾಲದು, ಅದಕ್ಕೆ ದಾರಿಯೂ ಗೊತ್ತಿರಬೇಕು. ಇಂದು ಆ ದಾರಿಯನ್ನು ಕುರಿತು ಎರಡು ಮಾತು ಆಡೋಣ.

ಯಾರಾದರೂ ಬಹಳ ಕಷ್ಟದಲ್ಲಿದ್ದರೆ ನಾವು ಏನೆನ್ನುತ್ತೇವೆ? "ಪಾಪ, ಅವನದು ನಾಯಿಪಾಡು" ಎನ್ನುತ್ತೇವೆ. ಯಾರಾದರೂ ಉಪಕಾರ ಮರೆತರೆ ಏನೆನ್ನುತ್ತೇವೆ? "ನಾಯಿಗಿರುವ ನಿಯತ್ತು ಇವನಿಗಿಲ್ಲ" ಎನ್ನುತ್ತೇವೆ. ನೋಡಿರಿ, ನಮ್ಮ ಬಾಯಿಂದಲೇ ಎರಡೂ ಮಾತು ಬರುತ್ತವೆ. ನಿಯತ್ತಿಗೆ ನಾಯಿಯೇ ಮೇಲು, ಪಾಡಿಗೆ ನಾಯಿಯೇ ಕೀಳು. ಎಲ್ಲರಿಗಿಂತ ಹೆಚ್ಚು ನಿಯತ್ತುಳ್ಳ ಪ್ರಾಣಿಗೆ ಎಲ್ಲರಿಗಿಂತ ಕೆಟ್ಟ ಪಾಡನ್ನು ಕೊಟ್ಟವರು ಯಾರು? ದೇವರು ಕೊಡಲಿಲ್ಲ. ಅದನ್ನು ಕಟ್ಟಿಹಾಕಿದವರು ನಾವು.

ಶರಣರು ಕಾಯಕಕ್ಕೆ ಎಷ್ಟು ದೊಡ್ಡ ಸ್ಥಾನ ಕೊಟ್ಟರೆಂಬುದು ನಿಮಗೆ ಗೊತ್ತು. ದುಡಿದವನ ಕೂಲಿ ಹಿಡಿಯಬಾರದು; ಹಿಡಿದವನು ಎಷ್ಟು ಪೂಜೆ ಮಾಡಿದರೂ ಅದು ಲಿಂಗಕ್ಕೆ ಮುಟ್ಟುವುದಿಲ್ಲ. ನಾಯಿಯೂ ದುಡಿಯುತ್ತದೆ. ನೀವು ಮಲಗಿದಾಗ ಅದು ಎಚ್ಚರಿರುತ್ತದೆ. ಹೊಸಬರು ಬಂದರೆ ಹೇಳುತ್ತದೆ, ಹಾವು ಬಂದರೆ ಹೇಳುತ್ತದೆ. ಅದರ ಕೂಲಿ ಏನು? ಎರಡು ತುತ್ತು ಅನ್ನ, ಒಂದು ಬಟ್ಟಲು ನೀರು, ಒಂದಿಷ್ಟು ನೆರಳು, ದಿನಕ್ಕೊಮ್ಮೆ ತಿರುಗಾಟ, ಒಂದು ಪ್ರೀತಿಯ ಮಾತು. ಇಷ್ಟನ್ನೂ ಕೊಡದವನು ಕಾಯಕ ಮಾಡಿದವನ ಕೂಲಿಯನ್ನು ಹಿಡಿದಂತೆ. ಬಸವಣ್ಣನವರು ಧರ್ಮವನ್ನು ಅಳೆಯಲಿಕ್ಕೆ ನಮ್ಮ ಕೈಗೆ ಕೊಟ್ಟ ಅಳತೆಗೋಲು ದಯೆ. ಆ ಕೋಲಿನಿಂದ ಮನುಷ್ಯನನ್ನು ಮಾತ್ರ ಅಳೆಯಿರಿ, ಪ್ರಾಣಿ ಬಂದಾಗ ಮುಚ್ಚಿಡಿರಿ ಎಂದು ಅವರು ಹೇಳಲಿಲ್ಲ.

ಈ ನಾಡಿನ ಹಿರಿಯರು ಇದನ್ನು ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿಯ ಒಂದು ಶಿಲಾಶಾಸನ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯ ಸೇರಿದೆ. ಅದು ಕ್ರಿ.ಶ. 949-50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೆರನೆಂಬ ವೀರ ಪರಾಕ್ರಮ ತೋರಿದ. ಒಡೆಯ ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಹೊನ್ನು ಬೇಡಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ.

ಇಲ್ಲಿಯವರೆಗಿನ ಕಥೆ ಹಲವರಿಗೆ ಗೊತ್ತು. ಮುಂದಿನದನ್ನು ಗಮನವಿಟ್ಟು ಕೇಳಿರಿ. ಆ ಭೂಮಿಯನ್ನು ಅನುಭವಿಸುವ ಗೊರವ, ಎಂದರೆ ಗುಡಿಯ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆಯೆಂದು ಶಾಸನ ಕಟ್ಟುಮಾಡುತ್ತದೆ. ಸತ್ತ ನಾಯಿಯ ಕಲ್ಲನ್ನು ನೋಡಿಕೊಳ್ಳದೆ ತಾನು ಉಣ್ಣಬಾರದು! ಕಲ್ಲಿಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಆ ಕಲ್ಲಿಗೇ ಇಷ್ಟು ಕಟ್ಟಳೆಯಿದ್ದ ಮೇಲೆ, ಮಾಳಿಗೆಯ ಮೇಲೆ ಹಸಿದು ಕೂತ ಜೀವಂತ ನಾಯಿಯನ್ನು ಮರೆತು ಕೆಳಗೆ ಎಡೆ ಹಾಕಿಕೊಂಡು ಕೂತವನಿಗೆ ಏನು ಹೇಳೋಣ? ನೀವೇ ಹೇಳಿರಿ.

"ಅಜ್ಜಾರ, ನಾಯಿ ಅವರದು, ನಾವ್ಯಾರು ಹೇಳಾಕ?" ಎಂದು ಕೆಲವರು ಕೇಳುತ್ತಾರೆ. ನಾಯಿ ಅವರದು, ಒಪ್ಪಿದೆವು. ಸರಪಳಿ ಅವರದು, ಮಾಳಿಗೆ ಅವರದು. ಆದರೆ ಹಸಿವು ಅವರದಲ್ಲ. ಹಸಿವು ಆ ಜೀವದ್ದು. ಜೀವದ ನೋವಿಗೆ ಖಾತೆ ಉತಾರವಿಲ್ಲ, ಅದಕ್ಕೆ ಒಬ್ಬನೇ ಮಾಲಕನಿಲ್ಲ. ಕಂಡವರೆಲ್ಲರೂ ಅದಕ್ಕೆ ಬಾಧ್ಯರು. ನೆರೆಮನೆಗೆ ಬೆಂಕಿ ಬಿದ್ದರೆ ಮನೆ ಅವರದೆಂದು ಕೊಡ ಕೆಳಗಿಡುತ್ತೇವೆಯೆ?

ಆದರೆ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ನಾಯಿಯ ಬಟ್ಟಲಿಗೆ ಹೋಗುವ ದಾರಿ ನೆರೆಯವರ ಹೊಸ್ತಿಲ ಮೇಲೆಯೇ ಹಾಯ್ದುಹೋಗುತ್ತದೆ. ನೀವು ಒಂದು ದಿನ ಬೈದು ಬಂದಿರಿ, ಸಿಟ್ಟು ಇಳಿಯಿತು. ನಾಯಿಗೆ ಏನಾಯಿತು? ನಿಮ್ಮ ಮೇಲಿನ ಸಿಟ್ಟನ್ನು ಅವರು ಅದರ ಬೆನ್ನ ಮೇಲೆ ತೀರಿಸಿಕೊಂಡಾರು. ಆದ್ದರಿಂದ ನಾಯಿಯ ಹಿತ ಬಯಸುವವನು ಮೊದಲು ಅದರ ಒಡೆಯನ ಮನಸ್ಸನ್ನು ಗೆಲ್ಲಬೇಕು.

ಅದಕ್ಕೆ ಮೊದಲು ನೋಡಬೇಕು. ಸುಮ್ಮನೆ ಕೂಗು ಕೇಳಿ ತೀರ್ಪು ಕೊಡಬೇಡಿರಿ. ನಾಯಿ ಬೊಗಳಿತೆಂದರೆ ಉಪವಾಸವಿದೆಯೆಂದೇ ಅಲ್ಲ. ಎಲುಬು ಎದ್ದು ಕಾಣುತ್ತಿವೆಯೆ? ಬಟ್ಟಲಿನಲ್ಲಿ ನೀರಿದೆಯೆ? ಕೊರಳಲ್ಲಿ ಪಟ್ಟಿ ಕೊರೆದು ಗಾಯವಾಗಿದೆಯೆ? ಮೈಮೇಲೆ ಉಣ್ಣೆ ಹತ್ತಿವೆಯೆ? ಹೊತ್ತು ಏರಿದಾಗ ನೆರಳಿದೆಯೆ? ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ತೇಕಿಯೇ ಅದು ಮೈ ತಂಪು ಮಾಡಿಕೊಳ್ಳಬೇಕು. ಕಾದ ಸಿಮೆಂಟಿನ ಮಾಳಿಗೆಯ ಮೇಲೆ ನೀರಿಲ್ಲದೆ ಕಟ್ಟಿದರೆ ಅದು ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು.

ನಾಯಿಯನ್ನು ನೋಡಿದ ಹಾಗೆಯೇ ಆ ಮನೆಯನ್ನೂ ನೋಡಿರಿ. ಮಗ ಹುರುಪಿನಿಂದ ಮರಿ ತಂದ, ನೌಕರಿಗೆಂದು ಬೆಂಗಳೂರಿಗೋ ಪುಣೆಗೋ ಹೋದ. ಮನೆಯಲ್ಲಿ ಉಳಿದವಳು ಮೊಳಕಾಲು ನೋವಿನ ಮುದುಕಿ. ಅವಳು ದಿನಕ್ಕೆರಡು ಸಲ ಮಾಳಿಗೆ ಹತ್ತಿಯಾಳೆ? ಇಂಥ ಮನೆಗಳು ಊರೂರಿಗೂ ಇವೆ. ಅಲ್ಲಿ ಇರುವುದು ಕ್ರೌರ್ಯವಲ್ಲ, ಕೈಲಾಗದಿರುವಿಕೆ. ಕೈಲಾಗದವರಿಗೆ ಕೈಗೂಡಿಸಬೇಕು, ಬೆರಳು ತೋರಿಸಬಾರದು.

ಆಮೇಲೆ ಮಾತಾಡಬೇಕು. ಎಲ್ಲಿ? ಓಣಿಯ ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಅಲ್ಲ, ಅವರ ಪಡಸಾಲೆಯಲ್ಲಿ ಒಬ್ಬರೇ ಕೂತಾಗ. ನಾಲ್ಕು ಜನರ ಮುಂದೆ ಮಾನ ಹೋದವನು ತಪ್ಪನ್ನು ತಿದ್ದಿಕೊಳ್ಳುವುದಿಲ್ಲ, ಸಾಧಿಸುತ್ತಾನೆ. ಹೇಗೆ ಮಾತಾಡಬೇಕು? "ಸಾಕಾಕ ಬರದಿದ್ರ ಯಾಕ ತಂದ್ರಿ?" ಎಂದರೆ ಬಾಗಿಲು ಮುಚ್ಚಿತು. "ಅಕ್ಕಾರ, ಮಾಳಿಗಿ ಮ್ಯಾಲ ಬಿಸಲು ಭಾಳ ಐತಿ. ನಮ್ಮ ಹಿತ್ತಲದಾಗ ಬೇವಿನ ಗಿಡದ ನೆಳ್ಳ ಐತಿ. ಮಧ್ಯಾಹ್ನ ಇಲ್ಲೆ ಕಟ್ಟ್ರಿ, ನೀರು ನಾ ಇಡ್ತೀನಿ" ಎಂದರೆ ಬಾಗಿಲು ತೆರೆಯಿತು. ಎರಡೂ ಮಾತಿನಲ್ಲಿ ಇರುವ ಸಂಗತಿ ಒಂದೇ. ಮೊದಲನೆಯದು ಬರಿಗೈಯಲ್ಲಿ ಹೋಗಿತ್ತು, ಎರಡನೆಯದು ನೆರಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿತ್ತು. ದಾಸೋಹವೆಂದರೆ ಇದೇ ಅಲ್ಲವೆ? ಉಪದೇಶ ಕೊಡುವ ಮುಂಚೆ ನಮ್ಮದೊಂದು ಪಾಲು ಕೊಡುವುದು.

ಒಂದೇ ಸಲಕ್ಕೆ ಕೇಳಲಿಕ್ಕಿಲ್ಲ. ಎರಡನೆಯ ಸಲ ಹೇಳಿರಿ. ಸರಕಾರಿ ಪಶುವೈದ್ಯಶಾಲೆಗೆ ಜೊತೆಗೆ ಹೋಗೋಣ ಎನ್ನಿರಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು, ವೈದ್ಯರು ಹೇಳಿದಂತೆ ಮತ್ತೆ ವರುಷ ವರುಷ ಹಾಕಿಸಬೇಕು. ನೆರೆಯವರು ಇದನ್ನು ಅಲಕ್ಷ್ಯ ಮಾಡಿದರೆ ಅಪಾಯ ಅವರ ಮನೆಗೆ ಮಾತ್ರವಲ್ಲ, ಓಣಿಯ ಮಕ್ಕಳೆಲ್ಲರಿಗೂ ಇದೆ. ನಾಯಿ ಕಚ್ಚಿದರೆ ಸುಣ್ಣ, ಖಾರಪುಡಿ ಹಚ್ಚುತ್ತ ಕೂಡಬೇಡಿರಿ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ದವಾಖಾನೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ದುರ್ಲಭ. ಇನ್ನು, ಕಟ್ಟಿದರೆ ನಾಯಿ ಚುರುಕಾಗುತ್ತದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಸದಾ ಕಟ್ಟಿಹಾಕಿದ ನಾಯಿಗೆ ಕಳ್ಳ ಯಾರು, ನೆಂಟ ಯಾರು ತಿಳಿಯುವುದಿಲ್ಲ. ಅದು ಮನೆ ಕಾಯುವುದನ್ನು ಮರೆತು ಕಚ್ಚುವುದನ್ನು ಕಲಿಯುತ್ತದೆ.

ಮಾಡಬಾರದ ಕೆಲಸಗಳೂ ಕೆಲವು ಇವೆ. ರಾತ್ರಿ ಕದ್ದು ಸರಪಳಿ ಬಿಚ್ಚಬೇಡಿರಿ. ಬಿಟ್ಟ ನಾಯಿ ಲಾರಿಯ ಕೆಳಗೆ ಬಿದ್ದರೆ, ಮಗುವಿಗೆ ಕಚ್ಚಿದರೆ, ನಿಮ್ಮ ದಯೆಯೇ ಕೇಡಾಯಿತು. ಗೋಡೆಯ ಆಚೆಯಿಂದ ಕದ್ದು ರೊಟ್ಟಿ ಎಸೆಯಬೇಡಿರಿ. ನಾಳೆ ಆ ನಾಯಿಗೆ ವಾಂತಿಯಾದರೆ ನಿಮ್ಮ ರೊಟ್ಟಿಯೇ ವಿಷವೆನಿಸಿಕೊಂಡೀತು. ಹೇಳಿಯೇ ಕೊಡಿರಿ. ಆದರೆ ಬಾಯಾರಿದ ಜೀವಕ್ಕೆ ನೀರು ಕೊಡಲಿಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ. ಮತ್ತೆ, ಕೂಗಿನ ಕಾಟ ತಾಳದೆ ಅನ್ನದಲ್ಲಿ ವಿಷ ಬೆರೆಸಿ ಇಡುವವರೂ ನಮ್ಮ ಊರುಗಳಲ್ಲಿ ಇದ್ದಾರೆ. ಅಂಥವರು ಇಲ್ಲಿ ಕೂತಿದ್ದರೆ ಕೇಳಿಸಿಕೊಳ್ಳಲಿ. ಅನ್ನ ಪ್ರಸಾದ. ಪ್ರಸಾದದಲ್ಲಿ ವಿಷ ಬೆರೆಸಿದ ಕೈಯಿಂದ ಲಿಂಗವನ್ನು ಹೇಗೆ ಮುಟ್ಟುತ್ತೀರಿ? ಒಡೆಯ ಹಸಿವು ಕೊಟ್ಟ, ನೀವು ಸಾವು ಕೊಟ್ಟಿರಿ. ನಾಯಿಯ ತಪ್ಪೇನಿತ್ತು?

ಎರಡು ಸಲ, ಮೂರು ಸಲ ಹೇಳಿದ್ದಾಯಿತು. ನೆರಳು ಕೊಡುತ್ತೇವೆಂದರೂ ಬೇಡ, ನೀರು ಇಡುತ್ತೇವೆಂದರೂ ಬೇಡ ಎಂದರು. ಓಣಿಯ ಹಿರಿಯರು ಹೇಳಿದರೂ ಕೇಳಲಿಲ್ಲ. ನಾಯಿ ದಿನದಿನಕ್ಕೆ ಸೊರಗುತ್ತಿದೆ. ಆಗ? ಆಗ ಸುಮ್ಮನಿರುವುದು ಸೌಜನ್ಯವಲ್ಲ. ನಮ್ಮ ಸೌಜನ್ಯ ಎಷ್ಟೋ ಸಲ ಅಂಜಿಕೆಯೇ ಆಗಿರುತ್ತದೆ. ಮೇಲೆ ಒಳ್ಳೆಯ ಶಾಲು ಹೊದೆದಿರುತ್ತದೆ, ಅಷ್ಟೆ.

ಸರಕಾರದ ಕಾಯಿದೆ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮನ್ನು ಓದಿಸಿ ಕೇಳಿರಿ. ಸಾಕಿದ ಪ್ರಾಣಿಗೆ ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು, ತೀರ ಗಿಡ್ಡ ಇಲ್ಲವೆ ತೀರ ಭಾರವಾದ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದು, ಉಪವಾಸ ಬೀಳುವಂತೆ ಎಲ್ಲಿಯೋ ಬಿಟ್ಟುಬರುವುದು, ಇವೆಲ್ಲ ಅಲ್ಲಿ ಅಪರಾಧಗಳು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲೆ ಅನುಕಂಪ ತೋರುವುದೂ ಒಂದು. ನೆರೆಯವರ ನಾಯಿಯ ಮಾತು ಬರಿಯ ಮನೆವಾರ್ತೆಯಲ್ಲ, ಅದು ನಾಗರಿಕನ ಧರ್ಮ ಎಂದಾಯಿತು.

ಆದ್ದರಿಂದ ಪಶುವೈದ್ಯರಿಗೆ ತಿಳಿಸಿರಿ. ನಿಮ್ಮ ಕಡೆ ಪ್ರಾಣಿದಯಾ ಸಂಘವಿದ್ದರೆ ಅದಕ್ಕೆ ತಿಳಿಸಿರಿ. ಅಗತ್ಯ ಬಿದ್ದರೆ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿರಿ. ಕಂಡದ್ದನ್ನು ಕಂಡಷ್ಟೇ ಬರೆಯಿರಿ. ಹಳೆಯ ಗೋಡೆ ಜಗಳ, ನಲ್ಲಿ ನೀರಿನ ಜಗಳವನ್ನು ಅದರಲ್ಲಿ ಬೆರೆಸಬೇಡಿರಿ. ಬೆರೆಸಿದರೆ ನಾಯಿಯ ದುಃಖ ನಿಮ್ಮ ಹಗೆಗೆ ನೆಪವಾಯಿತು. ದೂರು ಕೊಡುವ ಮುನ್ನ ಹೋಗಿ, "ನಾವು ದೂರು ಕೊಡುವವರಿದ್ದೇವೆ" ಎಂದು ಎದುರಿಗೇ ಹೇಳಿರಿ. ಎಷ್ಟೋ ಸಲ ಆ ಒಂದು ಮಾತಿಗೇ ಸರಪಳಿ ಸಡಿಲಾಗುತ್ತದೆ. ಮಾತು ಬಿಟ್ಟಾರು, ಬಿಡಲಿ. ಮುರಿದ ಮಾತು ಬರುವ ಹಬ್ಬಕ್ಕೆ ಕೂಡೀತು, ಸತ್ತ ನಾಯಿ ಎದ್ದು ಬಾರದು.

ಕೊನೆಗೆ ಒಂದು ಮಾತು. ನೆರೆಯವರ ಮಾಳಿಗೆಯನ್ನು ನೋಡುವ ಮೊದಲು ನಮ್ಮ ನಮ್ಮ ಹಿತ್ತಲನ್ನು ನೋಡಿಕೊಳ್ಳಬೇಕು. ಹಾಲು ಬತ್ತಿದ ಎಮ್ಮೆಗೆ ಮೇವು ಸರಿಯಾಗಿ ಬೀಳುತ್ತಿದೆಯೆ? ಮುದಿಯಾದ ಎತ್ತು ಯಾವ ಸಂತೆಗೆ ಹೋಯಿತು? ಹೆಣ್ಣು ಮರಿಯೆಂದು ಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಟ್ಟು ಬಂದವರು ನಮ್ಮಲ್ಲಿ ಯಾರೂ ಇಲ್ಲವೆ? ಮರಿ ಬೇಡವಾದರೆ ಪಶುವೈದ್ಯರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಬಹುದು, ಚೀಲ ಬೇಕಿಲ್ಲ. ತನ್ನ ಕೊಟ್ಟಿಗೆಯಲ್ಲಿ ದಯೆಯಿದ್ದವನ ಮಾತಿಗೆ ನೆರೆಮನೆಯಲ್ಲಿ ಬೆಲೆ ಬರುತ್ತದೆ.

ಮಕ್ಕಳ ಹಟಕ್ಕೆ ಮರಿ ತರುವವರಿಗೂ ಹೇಳುತ್ತೇವೆ. ಅದು ಹತ್ತು ಹನ್ನೆರಡು ವರುಷ ನಿಮ್ಮ ಮನೆಯ ಹೊಸ್ತಿಲಲ್ಲಿ ಕೂಡುವ ಜೀವ. ಅಷ್ಟು ವರುಷ ನೋಡಿಕೊಳ್ಳಲಿಕ್ಕೆ ಮನಸ್ಸಿದ್ದರೆ ತನ್ನಿರಿ, ಇಲ್ಲದಿದ್ದರೆ ಬೇಡ. ಈ ರಾತ್ರಿ ಊಟಕ್ಕೆ ಕೂಡುವಾಗ ತುತ್ತು ಎತ್ತುವ ಮೊದಲು ಒಮ್ಮೆ ಕಿವಿಗೊಟ್ಟು ಕೇಳಿರಿ. ನಮ್ಮ ಓಣಿಯಲ್ಲಿ ಯಾವ ಜೀವ ಉಣ್ಣದೆ ಇದೆ ಎಂಬುದು ತಿಳಿಯುತ್ತದೆ. ತಿಳಿದ ಮೇಲೆ ಏನು ಮಾಡಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ, ನಿಮ್ಮ ಅಂತಃಕರಣವೇ ಹೇಳುತ್ತದೆ. ಅದು ಹೇಳಿದಂತೆ ನಡೆಯುವ ಶಕ್ತಿಯನ್ನು ಗುರು ಬಸವಣ್ಣನವರು ನಿಮಗೆಲ್ಲರಿಗೂ ಕೊಡಲಿ ಎಂದು ಹಾರೈಸಿ ಇಂದಿನ ಮಾತನ್ನು ಮುಗಿಸುತ್ತೇವೆ.