ಮಾತು ನಿಂತರೆ ಕೆಲಸವೂ ಕೆಡುತ್ತದೆ

(ಪೆರ್ಲದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ತೋಟದಲ್ಲಿ ಆದ ಜಗಳವನ್ನು ಸಂಜೆ ಮನೆಗೆ ಹೊತ್ತು ತರುತ್ತೇವೆ, ಮರುದಿನ ಅದನ್ನೇ ಹೊತ್ತು ಕೆಲಸಕ್ಕೆ ಹೋಗುತ್ತೇವೆ. ಇದರಿಂದ ಕೆಲಸಕ್ಕೆ ಏನಾಗುತ್ತದೆ ಎಂಬುದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇವೆ.

ನಮ್ಮ ಕಡೆಯ ಒಂದು ರಬ್ಬರ್ ತೋಟ. ಹಾಲು ಅಳೆಯುವಲ್ಲಿ ಮೇಸ್ತ್ರಿಯವರು ಟ್ಯಾಪಿಂಗ್ ಮಾಡುವವನೊಬ್ಬನಿಗೆ ಹತ್ತು ಜನರೆದುರು, "ನೀನು ನೀರು ಬೆರೆಸಿದ್ದೀ" ಎಂದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಸುಕಿನಲ್ಲೇ ಮರದ ಬುಡ ಸೇರುತ್ತಿದ್ದವನು ಹೊತ್ತೇರಿದ ಮೇಲೆ ಹೋಗತೊಡಗಿದ. ಬಿಸಿಲೇರಿದಷ್ಟೂ ಹಾಲು ಇಳಿಯುವುದು ಕಡಿಮೆ ಎಂದು ನಿಮಗೆ ಗೊತ್ತು. ಕೈಯ ಹದವೂ ತಪ್ಪಿತು, ಕತ್ತಿ ತೊಗಟೆ ದಾಟಿ ಮರಕ್ಕೆ ತಾಗಿತು. ಹಾಗೆ ಗಾಯವಾದಲ್ಲಿ ಹೊಸ ತೊಗಟೆ ಗಂಟುಗಂಟಾಗಿ ಬರುತ್ತದೆ. ಮುಂದೆ ಅಲ್ಲಿ ಸರಿಯಾಗಿ ಟ್ಯಾಪಿಂಗ್ ಮಾಡಲಾಗದು. ಮೇಸ್ತ್ರಿಯವರ ಕೆಲಸವೂ ಕೆಟ್ಟಿತು. ಆ ಮರಗಳಿಗೆ ಏನಾಗುತ್ತಿದೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ.

ಯೂನಿಯನ್ನಿನವರಾದ ನಾವೂ ಮೊದಲು ತಪ್ಪಿದೆವು. ವಿಚಾರಿಸುವ ಮುಂಚೆಯೇ ಗೇಟಿನಲ್ಲಿ ಕೂಗಿದೆವು. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಕ್ರಮ ಬೇರೆಯೇ ಇದೆ. ಮೊದಲು ಇಬ್ಬರೇ ಕೂತು ಮಾತು, ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳು, ಕೊನೆಗೆ ಸಭೆ. ನಾವು ಕೊನೆಯಿಂದ ಆರಂಭಿಸಿದ್ದೆವು.

ಮತ್ತೆ ಇಬ್ಬರನ್ನೂ ಕೂರಿಸಿ ಕೇಳಿದಾಗ ಸಂಗತಿ ಹೊರಬಿತ್ತು. ಅಂದು ಹಾಲು ಎತ್ತುವ ಮೊದಲು ಮಳೆ ಹನಿದು ಗೆರಟೆಗಳಿಗೆ ನೀರು ಬಿದ್ದಿತ್ತು. ಮೇಸ್ತ್ರಿಯವರು ಹತ್ತು ಜನರೆದುರು ಆಡಿದ ಮಾತನ್ನು ಹತ್ತು ಜನರೆದುರೇ ಹಿಂತೆಗೆದುಕೊಂಡರು. ಇನ್ನು ಮುಂದೆ ಇಬ್ಬರ ಎದುರೂ ಅಳೆದು ಎರಡು ಪುಸ್ತಕದಲ್ಲಿ ಬರೆಯುವುದೆಂದು ತೀರ್ಮಾನವಾಯಿತು. ಮರುವಾರ ಆತ ನಸುಕಿಗೇ ಮರದ ಬುಡದಲ್ಲಿದ್ದ.

ಎಲ್ಲವನ್ನೂ ಸಹಿಸಿಕೊಳ್ಳಿ ಎಂದು ಇದರ ಅರ್ಥವಲ್ಲ. ನಮ್ಮ ಎಣ್ಮಕಜೆಯಲ್ಲೇ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿದರು. ದೂರು ಹೇಳಿದವರ ಮಾತಿಗೆ ಕಿವಿಗೊಡದಿದ್ದರೆ ಏನಾಗುತ್ತದೆಂದು ನಮ್ಮ ಮನೆಗಳೇ ಬಲ್ಲವು. ಕೂಲಿ, ಬೋನಸ್, ವಿಷದ ಮದ್ದು, ಇವು ಇಬ್ಬರ ನಡುವೆ ಮುಗಿಸುವ ವಿಷಯಗಳಲ್ಲ.

20 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು ಎಂದು 2020ರ ಕೈಗಾರಿಕಾ ಸಂಬಂಧ ಸಂಹಿತೆ ಹೇಳುತ್ತದೆ. ನಿಮ್ಮ ತೋಟದಲ್ಲಿ ಅದು ಇದೆಯೇ? ನಾಳೆಯೇ ವಿಚಾರಿಸಿ. ಇಲ್ಲವಾದರೆ ನಾವೆಲ್ಲ ಸೇರಿ ಕೇಳೋಣ. ಅಷ್ಟರೊಳಗೆ ಯಾರೊಡನೆ ಮಾತು ಬಿಟ್ಟಿದ್ದೇವೋ ಅವರ ಬಳಿ ಒಮ್ಮೆ ಹೋಗಿ ಬರೋಣ.

ದೇವರು ನಮ್ಮ ದುಡಿಮೆಯನ್ನು ಆಶೀರ್ವದಿಸಲಿ.